ಕಿವಿಯಣ್ಣನವರ ಪರೀಕ್ಷೆ

ಧ್ವನಿಯಂತ್ರಗಳನ್ನು ದುರಸ್ತಿ ಮಾಡುವ ಆ ಮನುಷ್ಯರಿಗೆ ತಂದೆತಾಯಿಗಳು ಇಟ್ಟ ಹೆಸರು ಯಾವುದೆಂದು ಬಲ್ಲವರು ವಿರಳ. ಸುತ್ತಲಿನ ಮೂರು ಬೀದಿಗಳ ಜನಕ್ಕೆಲ್ಲ ಅವರು ಕಿವಿಯಣ್ಣ. ಕೆಟ್ಟ ಪೆಟ್ಟಿಗೆಯೊಂದನ್ನು ಮುಂದಿಟ್ಟರೆ ಅವರು ಒಮ್ಮೆಲೇ ಸ್ಕ್ರೂಡ್ರೈವರಿಗೆ ಕೈ ಹಾಕುವವರಲ್ಲ. ಕಣ್ಣು ಮುಚ್ಚಿ, ತಲೆಯನ್ನು ತುಸು ಎಡಕ್ಕೆ ವಾಲಿಸಿ, ನಾಡಿ ಹಿಡಿದ ವೈದ್ಯನಂತೆ ಎರಡು ನಿಮಿಷ ಸುಮ್ಮನೆ ಕೇಳುವರು. ಭಗವಂತನು ಕೊಟ್ಟ ಇಂದ್ರಿಯಗಳಲ್ಲಿ ಮುಚ್ಚಳವಿಲ್ಲದ್ದು ಕಿವಿಯೊಂದೇ, ಆದ್ದರಿಂದ ಅದನ್ನು ಶುದ್ಧವಾಗಿ ಇಟ್ಟುಕೊಳ್ಳುವುದೂ ಒಂದು ಪೂಜೆಯೇ ಎಂಬುದು ಅವರ ನಂಬಿಕೆ. ರೇಡಿಯೋ ಕಾಲದಲ್ಲಿ ಹಿಡಿದ ಕಸುಬು ಟೇಪ್ ರೆಕಾರ್ಡರುಗಳನ್ನು ದಾಟಿ, ಈಗ ಟೀವಿಯ ಕೆಳಗೆ ಉದ್ದಕ್ಕೆ ಮಲಗಿರುವ ಸೌಂಡ್‌ಬಾರಿಗೆ ಬಂದು ನಿಂತಿತ್ತು.

ಅಂದು ಬೆಳಗ್ಗೆ ಅವರು ಪತ್ರಿಕೆಯಲ್ಲಿ ಮುಳುಗಿದ್ದಾಗ ಹೆಂಡತಿ ಎದುರಿಗೇ ಬಂದು ನಿಂತರು.

"ಏನ್ರೀ, ಮೂರು ಸಲ ಕರೆದೆ."

"ಕೇಳಿಸ್ಲಿಲ್ಲ ಕಣೆ."

"ಕಂಡವರ ಮನೆ ಪೆಟ್ಟಿಗೆಗಳ ಗೊಣಗಾಟ ಎಲ್ಲ ಕೇಳಿಸುತ್ತೆ, ಕಟ್ಕೊಂಡವಳ ಮಾತು ಮಾತ್ರ ಕೇಳಿಸಲ್ಲ. ಬಾಗಿಲ ಬೆಲ್ ಕೆಟ್ಟು ಎರಡು ತಿಂಗಳಾಯ್ತು. ಬಂದವರು ಬಡಿದೂ ಬಡಿದೂ ಕೈ ನೋಯಿಸ್ಕೊಂಡು ವಾಪಸ್ ಹೋಗ್ತಿದಾರೆ. ವಯಸ್ಸಾಯ್ತು, ಕಿವಿ ಮಂದ ಆಗಿದೆ. ಒಪ್ಕೊಂಡ್ಬಿಡಿ!"

ಆಕೆ ನಗುತ್ತ ಆಡಿದ ಮಾತು ಅವರ ಎದೆಗೆ ನಗೆಯಾಗಿ ಇಳಿಯಲಿಲ್ಲ. ಅರವತ್ತು ದಾಟಿದ ಮೇಲೆ ಈ ಭಯವನ್ನು ಅವರು ಒಳಗೊಳಗೇ ಸಾಕಿಕೊಂಡು ಬಂದಿದ್ದರು. ಕಣ್ಣು ಮಂಜಾದರೆ ಕನ್ನಡಕ ಉಂಟು; ಕಿವಿ ಮಂಜಾದ ಕಿವಿಯಣ್ಣನಿಗೆ ಏನುಂಟು? ಚಪ್ಪಲಿ ಮೆಟ್ಟುವಾಗಲೇ ನಿಶ್ಚಯಿಸಿದರು: ಇಂದಿನ ಕೆಲಸದಲ್ಲಿ ಕಿವಿ ಕೈಕೊಟ್ಟರೆ ಅಂಗಡಿಗೆ ಇಂದೇ ಬೀಗ.

ಅಂದಿನ ಕೆಲಸವಿದ್ದುದು ಬಸ್ ಡ್ರೈವರೊಬ್ಬರ ಮನೆಯಲ್ಲಿ. ಅವರ ಹೆಂಡತಿ ದರ್ಜಿ. ಎರಡನೆಯ ಮಹಡಿಯ ಆ ಮನೆಯ ಕಿಟಕಿಯ ಬಳಿ ಹೊಲಿಗೆಯಂತ್ರವಿತ್ತು. ಆ ಯಂತ್ರದ ಕೃಪೆಯಿಂದ ಮನೆಯಲ್ಲಿ ಬೆತ್ತಲೆಯಾಗಿದ್ದ ವಸ್ತುವೇ ಇರಲಿಲ್ಲ. ಫ್ರಿಜ್ಜಿನ ಹಿಡಿಕೆಗೆ ತೋಳು, ಮಿಕ್ಸಿಗೆ ಕುಲಾವಿ, ರಿಮೋಟಿಗೆ ಗುಂಡಿಯಿಟ್ಟ ಚೀಲ, ಕುರ್ಚಿಯ ಕಾಲುಗಳಿಗೆ ಕಾಲುಚೀಲ. ಟೀವಿಯ ಹೊದಿಕೆ ಅಚ್ಚುಕಟ್ಟಾಗಿ ಮಡಿಸಿ ಪಕ್ಕದಲ್ಲಿತ್ತು; ಕೆಳಗೆ ಕೆಟ್ಟ ಸೌಂಡ್‌ಬಾರು ಮಲಗಿತ್ತು.

"ಬನ್ನಿ ಕಿವಿಯಣ್ಣ, ಇದರ ಹಣೆಬರಹ ನೋಡಿ," ಎಂದರು ಡ್ರೈವರು, ಹಿಂದಿನ ಸೀಟಿನವರಿಗೂ ಕೇಳಿಸುವ ಕಂಠದಲ್ಲಿ. "ಬಾಯಿ ಮೊದಲು ಆಡುತ್ತೆ, ಮಾತು ಆಮೇಲೆ ಬರುತ್ತೆ. ಮಧ್ಯೆ ಮಧ್ಯೆ ಉಸಿರೇ ನಿಂತೋಗುತ್ತೆ."

"ಮನೆ ಯಜಮಾನರನ್ನ ನೋಡಿ ಕಲಿತಿದೆ ಅಣ್ಣ," ಎಂದರು ದರ್ಜಿ, ಕತ್ತರಿಯಿಂದ ತಲೆ ಎತ್ತದೆ. "ಬಾಯಿ ಮೊದಲು, ಯೋಚನೆ ಆಮೇಲೆ."

ಕಿವಿಯಣ್ಣನವರು ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಟೀವಿಯ ಬೆನ್ನ ಹಿಂದೆ ಟಾರ್ಚು ಹಿಡಿದು ಬಗ್ಗಿದರು. ಕಸ ಗುಡಿಸುವ ಭರಾಟೆಗೆ ಸಿಕ್ಕಿ, ಟೀವಿಯಿಂದ ಸೌಂಡ್‌ಬಾರಿಗೆ ಧ್ವನಿ ಒಯ್ಯುವ ಎಚ್‌ಡಿಎಂಐ ಕೇಬಲ್ ಅರ್ಧ ಹೊರಬಂದು ನೇತಾಡುತ್ತಿತ್ತು. ಉಸಿರು ನಿಲ್ಲುತ್ತಿದ್ದುದು ಅಲ್ಲಿಯೇ. ಅದನ್ನು ಒತ್ತಿ ಕೂರಿಸಿ, ಮತ್ತೆ ಜಗ್ಗದಂತೆ ಮೇಜಿನ ಕಾಲಿಗೆ ಕಟ್ಟಿದರು. ಮಾತು ತಡವಾಗಿ ಬರುತ್ತಿದ್ದುದಕ್ಕೆ ರಿಮೋಟೇ ಕಾರಣ. ಧ್ವನಿಯನ್ನು ಬೇಕೆಂದೇ ತಡೆಹಿಡಿದು ಬಿಡುವ ಗುಂಡಿಯೊಂದನ್ನು ಯಾರೋ ಒತ್ತುತ್ತ ಹೋಗಿ, ಅಳತೆಯನ್ನು ಕೊನೆಯ ಅಂಕಿಗೆ ಮುಟ್ಟಿಸಿದ್ದರು. ಅದನ್ನು ಸೊನ್ನೆಗೆ ಇಳಿಸಿದೊಡನೆ, ಪರದೆಯ ಮೇಲೆ ಸುದ್ದಿ ಓದುವ ಹೆಂಗಸಿನ ತುಟಿಗೂ ಮಾತಿಗೂ ಹೊಂದಿಕೆಯಾಯಿತು.

"ಆಹಾ!" ಎಂದರು ಡ್ರೈವರು. "ಹೊಸದು ತಂದಾಗ ಹೇಗಿತ್ತೋ ಹಾಗೇ ಇದೆ."

"ಹೌದು, ಹಾಗೇ ಇದೆ," ಎಂದರು ದರ್ಜಿ.

ಕಿವಿಯಣ್ಣನವರು ಮಾತ್ರ ಕದಲಲಿಲ್ಲ. ಸುದ್ದಿ ಓದುವ ಹೆಂಗಸಿನ ಮಾತಿಗೆ ಅಂಚೇ ಇರಲಿಲ್ಲ. ಆಕೆ ಬಾಯಿಗೆ ಕರವಸ್ತ್ರ ಹಿಡಿದು ಓದುತ್ತಿರುವಂತೆ ಅವರಿಗೆ ಕೇಳಿಸಿತು. ಸೌಂಡ್‌ಬಾರಿನ ಆಯ್ಕೆಗಳನ್ನೆಲ್ಲ ಒಂದೊಂದಾಗಿ ಬದಲಾಯಿಸಿ ನೋಡಿದರು, ಮಂಕು ಕಳೆಯಲಿಲ್ಲ. ಮನೆಯವರಿಬ್ಬರಿಗೂ ಚೆನ್ನಾಗಿ ಕೇಳುತ್ತಿದೆ, ತನಗೊಬ್ಬನಿಗೆ ಮಂಕಾಗಿದೆ ಎಂದಮೇಲೆ ದೋಷ ಎಲ್ಲಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ? ಬೆಳಗಿನ ಮಾತು ನೆನಪಾಯಿತು. ಇವರು ತೃಪ್ತರಾಗಿದ್ದಾರೆ, ಚೀಲವನ್ನು ಹೆಗಲಿಗೇರಿಸಿ ಹೊರಟುಬಿಡಬಹುದಾಗಿತ್ತು. ಆದರೆ ಕೇಳಿಸಿದ್ದನ್ನು ಕೇಳಿಸಲಿಲ್ಲವೆಂದು ತಮಗೆ ತಾವೇ ಸುಳ್ಳು ಹೇಳಿಕೊಂಡು ಅವರು ಎಂದೂ ಯಾವ ಮನೆಯ ಹೊಸಿಲನ್ನೂ ದಾಟಿದವರಲ್ಲ.

"ಡ್ರೈವರ್ ಸಾಹೇಬ್ರೇ, ಒಂದು ಉಪಕಾರ ಮಾಡಿ. ಈ ಪೇಪರು ತಗೊಂಡು ಟೀವಿ ಪಕ್ಕ ನಿಂತ್ಕೊಂಡು ಓದಿ."

"ನಾನಾ? ಏನು ಓದ್ಲಿ?"

"ಏನಾದ್ರೂ ಸರಿ. ಹವಾಮಾನ ಓದಿ."

ಡ್ರೈವರು ಗಂಟಲು ಸರಿಪಡಿಸಿಕೊಂಡು ನಾಳಿನ ಮೋಡಗಳನ್ನು ಘೋಷಿಸತೊಡಗಿದರು.

"ಮೆತ್ತಗೆ ರೀ! ಇದು ಬಸ್ ಸ್ಟ್ಯಾಂಡಲ್ಲ," ಎಂದರು ದರ್ಜಿ.

ಕಿವಿಯಣ್ಣನವರು ಟೀವಿಯ ಸದ್ದಡಗಿಸಿ, ಕಣ್ಣು ಮುಚ್ಚಿ ಆಲಿಸಿದರು. ಆ ಗಡಸು ಕಂಠದ ಒಂದೊಂದು ಅಕ್ಷರವೂ ಕೊರೆದಂತೆ ಸ್ಪಷ್ಟವಾಗಿತ್ತು. ಕಾಗದದ ಮಡಿಕೆ ಸರಿದ ಸದ್ದು, ಕಿಟಕಿಯ ಬಳಿ ಕತ್ತರಿ ಬಟ್ಟೆಯನ್ನು ಕಚ್ಚಿದ ಸದ್ದು, ಎಲ್ಲವೂ ಕೇಳಿಸಿದವು. ಅವರು ಡ್ರೈವರ ಓದನ್ನು ಫೋನಿನಲ್ಲಿ ಹಿಡಿದುಕೊಂಡು ಮೊದಲು ಫೋನಿನಲ್ಲಿಯೇ ಕೇಳಿದರು: ಸಣ್ಣದಾದರೂ ಸ್ಪಷ್ಟವಾಗಿತ್ತು. ಅದನ್ನೇ ಸೌಂಡ್‌ಬಾರಿಗೆ ಬಿಟ್ಟರು. ಅದೇ ಕಂಠ, ಅದೇ ಮೋಡ. ಆದರೆ ಕಂಬಳಿಯೊಳಗಿಂದ ಬಂದ ಹಾಗೆ.

ದೋಷ ಕಿವಿಯದಲ್ಲ! ಅವರು ಮೊಣಕಾಲೂರಿ, ಸೌಂಡ್‌ಬಾರಿನ ಮುಖದ ಕಪ್ಪು ಬಟ್ಟೆಯ ಮೇಲೆ ಬೆರಳಾಡಿಸಿದರು. ಕೆಳಗಿನ ಅಂಚಿನಲ್ಲಿ ಉಗುರಿಗೆ ಏನೋ ತಗುಲಿತು. ಹೊಲಿಗೆ.

"ತಂಗೀ, ಇದೇನಿದು?"

"ಅದಾ ಅಣ್ಣ? ಅದರ ಅಂಗಿ," ಎಂದರು ದರ್ಜಿ ಹೆಮ್ಮೆಯಿಂದ. "ಧೂಳು ಕೂರಬಾರದು ಅಂತ ತಂದ ದಿನಾನೇ ಹೊಲಿದೆ. ಎರಡು ಪದರ, ನಡುವೆ ತೆಳ್ಳಗೆ ಹತ್ತಿ. ಬಣ್ಣ ಹೊಂದಿಸೋಕೆ ನಾಲ್ಕು ಅಂಗಡಿ ಅಲೆದಿದೀನಿ. ದೀಪ ಕಾಣಲಿ, ರಿಮೋಟ್ ಕೆಲಸ ಮಾಡಲಿ ಅಂತ ಕಿಂಡಿ ಬೇರೆ ಬಿಟ್ಟಿದೀನಿ."

"ಮಾತು ಹೊರಗೆ ಬರೋಕೆ ಕಿಂಡಿ?"

ದರ್ಜಿಯ ಕತ್ತರಿ ನಿಂತಿತು. ಕಿವಿಯಣ್ಣನವರು ಆ ಅಂಗಿಯನ್ನು ಮಗುವಿನ ಮೈಯಿಂದ ಬಿಚ್ಚುವಷ್ಟು ಜೋಪಾನವಾಗಿ ಬಿಚ್ಚಿ, ಟೀವಿಯ ಸದ್ದನ್ನು ಮತ್ತೆ ಬಿಟ್ಟರು. ಸುದ್ದಿ ಓದುವ ಹೆಂಗಸು ಕರವಸ್ತ್ರವನ್ನು ತೆಗೆದೇಬಿಟ್ಟಳು.

"ಅರೆ! ಆಯಮ್ಮ ಉಸಿರೆಳೆದದ್ದೂ ಕೇಳಿಸ್ತು!" ಎಂದು ಡ್ರೈವರು ಕುಣಿದಾಡಿದರು. "ನಾಲ್ಕು ತಿಂಗಳಿಂದ ಬಾಯಿಗೆ ಬಟ್ಟೆ ಕಟ್ಟಿ ಮಾತಾಡು ಅಂತಿದ್ವಲ್ಲೇ!"

ದರ್ಜಿಯ ಮುಖ ಸಣ್ಣಗಾದುದನ್ನು ಕಂಡು ಕಿವಿಯಣ್ಣನವರು ಹೊದಿಕೆಯನ್ನು ಬೆಳಕಿಗೆ ಹಿಡಿದು ಹೊಲಿಗೆಯನ್ನು ನೋಡಿದರು.

"ಮೂವತ್ತೈದು ವರ್ಷದಿಂದ ಇಂಥ ಪೆಟ್ಟಿಗೆ ನೋಡ್ತಿದೀನಿ ತಂಗಿ. ಕಾರ್ಖಾನೆಯ ಬಟ್ಟೆ ಅಂತಲೇ ಅಂದ್ಕೊಂಡೆ. ನಿನ್ನ ಕೈಗೆ ನಾನು ಸೋತೆ."

"ಹಾಗಾದ್ರೆ ಕಿವಿಯಣ್ಣ ಕಣ್ಣು ಪರೀಕ್ಷೆ ಮಾಡಿಸ್ಬೇಕು!" ಎಂದು ದರ್ಜಿ ನಕ್ಕೇಬಿಟ್ಟರು. ಸೌಂಡ್‌ಬಾರು ಮಾತಾಡುವಾಗ ಬರಿಮೈ, ಮಲಗಿರುವಾಗ ಅಂಗಿ ಎಂದು ಆ ಮನೆಯಲ್ಲಿ ಒಪ್ಪಂದವಾಯಿತು.

ಕಿವಿಯಣ್ಣನವರು ಹಗುರಾದ ಹೆಜ್ಜೆಯಲ್ಲಿ ಮನೆಗೆ ಬಂದು ಬಾಗಿಲು ಬಡಿದರು. ಬಹಳ ಹೊತ್ತು ಬಡಿಯಬೇಕಾಯಿತು. ಹೆಂಡತಿ ಬಾಗಿಲು ತೆರೆಯುತ್ತಲೇ, "ನನ್ನ ಕಿವಿಗೆ ಏನೂ ಆಗಿಲ್ಲ ಕಣೆ! ಎಲ್ಲ ಸ್ಪಷ್ಟವಾಗಿ ಕೇಳಿಸುತ್ತೆ!" ಎಂದು ನಡೆದುದನ್ನೆಲ್ಲ ನಿಂತಲ್ಲಿಯೇ ವರದಿ ಮಾಡಿದರು.

ಆಕೆ ಕೊನೆಯವರೆಗೂ ತಾಳ್ಮೆಯಿಂದ ಕೇಳಿದರು.

"ಸಂತೋಷ. ಹಾಗಾದ್ರೆ ಬೆಳಗ್ಗೆ ನಾನು ಕರೆದದ್ದು ಮೂರು ಸಲವೂ ಕೇಳಿಸಿತ್ತು ಅನ್ನಿ."

ಕಿವಿಯಣ್ಣನವರು ಹೆಗಲ ಚೀಲವನ್ನು ಕೆಳಗಿಳಿಸದೆ ಬೆಲ್ಲಿನ ಗುಂಡಿಯನ್ನು ಒತ್ತಿ, ಕಣ್ಣು ಮುಚ್ಚಿ, ತಲೆಯನ್ನು ಎಡಕ್ಕೆ ವಾಲಿಸಿದರು. ಗೋಡೆಯ ಮೇಲಿನ ಪೆಟ್ಟಿಗೆಯೊಳಗಿಂದ ಬಲು ಸಣ್ಣದಾಗಿ ಟಿಕ್ ಎಂಬ ಸದ್ದು ಬಂದಿತು. ವಿದ್ಯುತ್ತು ಬರುತ್ತಿದೆ, ಒಳಗೆ ಬೆಲ್ಲನ್ನು ಬಡಿಯುವ ಕಡ್ಡಿ ಏಳಲಾರದೆ ಸಿಕ್ಕಿಕೊಂಡಿದೆ. ಸ್ಟೂಲು ಹತ್ತಿ ಮುಚ್ಚಳ ತೆಗೆದು, ಎರಡು ತಿಂಗಳ ಜೇಡರ ಬಲೆಯನ್ನು ಊದಿ ಕಳೆದರು. ಐದು ನಿಮಿಷದ ಕೆಲಸ. ಹೊರಗೆ ಹೋಗಿ, ಬಾಗಿಲು ಹಾಕಿಕೊಂಡು, ಗುಂಡಿ ಒತ್ತಿದರು. ಬೆಲ್ಲು ಮನೆತುಂಬ ಮೊಳಗಿತು.

"ಯಾರದು?" ಎಂದಿತು ಒಳಗಿನ ದನಿ.

"ನಾನೇ ಕಣೆ. ಬಾಗಿಲು ತೆಗಿ."

"ಸರಿಯಾಗಿ ಕೇಳಿಸ್ಲಿಲ್ಲ. ಇನ್ನೂ ಎರಡು ಸಲ ಒತ್ತಿ."

ಕಿವಿಯಣ್ಣನವರು ನಗುತ್ತ ಇನ್ನೂ ಎರಡು ಸಲ ಒತ್ತಿದರು.