ಒಲೀಟಾ ಫೆಂಚರ್ ತಂದಿಟ್ಟ ದನದ ತೊಟ್ಟಿ

ಟಾಲ್ಬರ್ಟ್ ಶಾಲೆಯ ಫುಟ್‌ಬಾಲ್ ಮೈದಾನಕ್ಕೆ ಒಲೀಟಾ ಫೆಂಚರ್ ದನಕ್ಕೆ ನೀರು ಕುಡಿಸುವ ತೊಟ್ಟಿಯನ್ನು ತಂದ ದಿನ ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಆಗ ನಾನು ಅಲ್ಲಿ ಸಹಾಯಕ ಕೋಚ್. ತರಗತಿಯಲ್ಲಿ ಇತಿಹಾಸ ಹೇಳುತ್ತಿದ್ದೆ. ಮೈದಾನದಲ್ಲಿ ಅದೇ ಹುಡುಗರಿಗೆ, ಚೆಂಡನ್ನು ಕೈಯಲ್ಲಿ ಹಿಡಿದು ಓಡಿ ಬರುವವನ ಸೊಂಟಕ್ಕೆ ಹೆಗಲು ಕೊಟ್ಟು ನೆಲಕ್ಕೆ ಕೆಡವುವುದನ್ನು ಕಲಿಸುತ್ತಿದ್ದೆ. ಅದು ಸಾವಿರದ ಒಂಬೈನೂರ ಎಂಬತ್ತೊಂಬತ್ತರ ಆಗಸ್ಟ್. ಒಕ್ಲಹೋಮಾದ ನಮ್ಮ ಮೂಲೆಯಲ್ಲಿ ಆಗಸ್ಟ್ ಬಂತೆಂದರೆ ಹತ್ತಿ ಹೊಲದ ಕೆಂಪು ಮಣ್ಣಿನ ಮೇಲೆ ಬರಿಗಾಲಿಡಲು ಆಗುವುದಿಲ್ಲ. ಹುಡುಗರು ಹೆಲ್ಮೆಟ್ ಹಾಕಿ, ಹೆಗಲಿಗೆ ಎದೆಗೆ ಪ್ಯಾಡ್ ಬಿಗಿದು, ದಿನಕ್ಕೆ ಎರಡು ಹೊತ್ತು ಆ ಬಿಸಿಲಲ್ಲಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಿದ್ದರು.

ಒಲೀಟಾ ತನ್ನ ಹಳೆಯ ಪಿಕಪ್ ಗಾಡಿಯನ್ನು ಹಿಂದಕ್ಕೆ ತಂದು, ತಗಡಿನ ತೊಟ್ಟಿಯನ್ನು ಒಬ್ಬಳೇ ಎಳೆದು ಇಳಿಸಿದಳು. ಆಳೆತ್ತರದವನು ಕಾಲು ಚಾಚಿ ಮಲಗುವಷ್ಟು ಉದ್ದವಿತ್ತು.

"ಮಿಸ್ ಒಲೀಟಾ, ದನ ಯಾವಾಗ ಬರ್ತವೆ?" ಅಂದೆ.

"ಒಂದು ಆಗ್ಲೇ ಬಂದು ನನ್ನ ಮುಂದೆ ನಿಂತು ಹಲ್ಲು ಕಿರೀತಾ ಇದೆಯಲ್ಲ" ಅಂದಳು.

ಹುಡುಗರೆಲ್ಲ ಗೊಳ್ಳೆಂದು ನಕ್ಕರು. ಅವಳ ಬಾಯಿಗೆ ಹೆದರದವರು ಊರಲ್ಲಿ ಕಡಿಮೆ. ಅಪ್ಪ ಹತ್ತಿ ಗಿರಣಿಯಲ್ಲಿ ಕೂಲಿಯವನು. ಅವಳು ಹತ್ತೊಂಬತ್ತಕ್ಕೇ ದನದ ಸಂತೆಕಟ್ಟೆಯ ಪಶುವೈದ್ಯನ ಬಳಿ ಕೆಲಸಕ್ಕೆ ಸೇರಿ, ಹದಿನಾರು ವರ್ಷ ಹೆರಿಗೆಯಲ್ಲಿ ಸಿಕ್ಕಿಕೊಂಡ ಕರು ಎಳೆದಳು, ಗಾಯ ಕಟ್ಟುವಾಗ ಕುದುರೆಗಳ ಕಾಲು ಹಿಡಿದಳು. ಆ ವೈದ್ಯ ತೀರಿಕೊಂಡ ಮೇಲೆ ನರ್ಸಿಂಗ್ ಓದಿ ನಮ್ಮ ಶಾಲೆಗೆ ನರ್ಸ್ ಆಗಿ ಬಂದಳು. ಮದುವೆ ಎರಡೇ ವರ್ಷ ಬಾಳಿತ್ತು. ಯಾಕೆಂದು ಯಾರಾದರೂ ಕೇಳಿದರೆ "ಆ ಮನೇಲಿ ಒಂದೇ ದನಿಗೆ ಜಾಗ ಇತ್ತು, ಅದು ನಂದಲ್ಲ ಅಂದ್ರು" ಅನ್ನುತ್ತಿದ್ದಳು.

ತೊಟ್ಟಿಯ ಹಿಂದೆ ಒಂದು ಸಾವಿತ್ತು. ಹಿಂದಿನ ಬೇಸಿಗೆಯಲ್ಲಿ ಪಕ್ಕದ ಊರಿನ ಹುಡುಗನೊಬ್ಬ ಅಭ್ಯಾಸದ ನಡುವೆ ಕುಸಿದು ಮರುದಿನ ಸತ್ತಿದ್ದ. ಒಲೀಟಾ ಆ ಅಂತ್ಯಕ್ರಿಯೆಗೆ ಹೋಗಿದ್ದಳು. ಚರ್ಚಿನ ಅಡುಗೆಮನೆಯಲ್ಲಿ ಅವನ ತಾಯಿ ಅವಳ ಕೈ ಹಿಡಿದುಕೊಂಡು, "ಮೈ ಕೆಂಡದ ಹಾಗಿತ್ತಂತೆ. ಎಷ್ಟು ಜ್ವರ ಇತ್ತು ಅಂತ ಒಬ್ರೂ ನೋಡ್ಲಿಲ್ಲ" ಅಂದಳಂತೆ. ಆ ಮಾತು ಒಲೀಟಾಳನ್ನು ಬಿಡಲಿಲ್ಲ. ಸೈನ್ಯದಿಂದ ನಿವೃತ್ತನಾದ ವೈದ್ಯನೊಬ್ಬ ಅರವತ್ತು ಮೈಲಿ ದೂರದಲ್ಲಿದ್ದ. ಬಿಸಿಲಲ್ಲಿ ಕವಾಯತು ಮಾಡಿ ಬಿದ್ದ ಸಿಪಾಯಿಗಳನ್ನು ಮಂಜುಗಡ್ಡೆಯ ನೀರಲ್ಲಿ ಮುಳುಗಿಸಿ ಬದುಕಿಸಿದವನು. ನಾಲ್ಕು ಶನಿವಾರ ಅವನ ಬಳಿಗೆ ಹೋಗಿ ಕಲಿತು ಬಂದಳು.

ಮುಖ್ಯ ಕೋಚ್ ಹಾರ್ಲನ್ ಟೀಗ್ ಪ್ರಾಥಮಿಕ ಶಾಲೆಯಲ್ಲಿ ಅವಳಿಗಿಂತ ಎರಡು ತರಗತಿ ಹಿಂದಿದ್ದವನು. ಊರಿಗೆಲ್ಲ ಅವನು ಕೋಚ್ ಟೀಗ್, ಅವಳಿಗೆ ಮಾತ್ರ ಹಾರ್ಲನ್. ತೊಟ್ಟಿ ನೋಡಿ ಸೀಟಿಯನ್ನು ಬಾಯಿಂದ ತೆಗೆದ.

"ಏನಿದು?"

"ಮೊದಲ ಐದು ದಿನ ಪ್ಯಾಡ್ ಬೇಡ, ಬರೀ ಹೆಲ್ಮೆಟ್ ಸಾಕು. ಬಾಯಾರಿಕೆ ಅಂದೋನಿಗೆ ಅಂದ ತಕ್ಷಣ ನೀರು ಕೊಡು. ಯಾರಾದ್ರೂ ಬಿದ್ರೆ ಈ ತೊಟ್ಟಿ ಇದೆ. ಇಷ್ಟೇ ನಾನು ಕೇಳೋದು, ಹಾರ್ಲನ್."

"ನೀರು ಕುಡಿಸಿ ಕುಡಿಸಿ ಹುಡುಗರನ್ನ ಹತ್ತಿಯ ಹಾಗೆ ಮೆತ್ತಗೆ ಮಾಡ್ತೀಯಾ? ನಾವೆಲ್ಲ ನೀರಿಲ್ದೆ ಆಡ್ಲಿಲ್ವಾ?"

"ಆಡಿದ್ರಿ. ಅದಕ್ಕೇ ನಿನ್ನ ತಲೆ ಹೀಗಿರೋದು."

ಹಾರ್ಲನ್ ಬೇಲಿಯ ಕಡೆ ಬೆರಳು ತೋರಿಸಿದ. "ನನ್ನ ಮೈದಾನದಿಂದ ಇದನ್ನ ತೆಗಿ."

ತೆಗೆದಳು. ಬೇಲಿಯಾಚೆ, ರಸ್ತೆಯ ಅಂಚಿನಲ್ಲಿ, ಗೇಟಿನಿಂದ ಹತ್ತು ಹೆಜ್ಜೆ ದೂರಕ್ಕೆ ತಂದಿಟ್ಟಳು. ಆ ಜಾಗ ಶಾಲೆಯದಲ್ಲ. ಅಂದಿನಿಂದ ದಿನವೂ ಮಧ್ಯಾಹ್ನ, ಮೀನಿನ ಅಂಗಡಿಯಿಂದ ಮಂಜುಗಡ್ಡೆಯ ಚೀಲ ತಂದು ಸುರಿಯುವುದು, ಮಡಿಸುವ ಕುರ್ಚಿಯಲ್ಲಿ ಕೂತು ಬೇಲಿಯ ಕಂಡಿಯಿಂದ ಹುಡುಗರ ಕಾಲುಗಳನ್ನೇ ನೋಡುವುದು, ಸಂಜೆ ಕರಗಿದ ನೀರನ್ನು ಚರಂಡಿಗೆ ಚೆಲ್ಲುವುದು. ಊರಿನವರು ಗಾಡಿ ನಿಧಾನ ಮಾಡಿ ಹಾರ್ನ್ ಹೊಡೆದು ಹೋಗುತ್ತಿದ್ದರು. "ಒಲೀಟಾ, ಸ್ನಾನ ಆಯ್ತಾ?" ಎಂದು ಕೂಗುತ್ತಿದ್ದರು. "ನಿಂಗೇ ಇಟ್ಟಿರೋದು, ವಾಸನೆ ಇಲ್ಲೀವರೆಗೂ ಬರ್ತಿದೆ" ಎಂದು ಇವಳೂ ಕೂಗುತ್ತಿದ್ದಳು. ಒಂಬತ್ತು ದಿನ ಆ ತೊಟ್ಟಿಗೆ ಯಾರೂ ಇಳಿಯಲಿಲ್ಲ.

ಹತ್ತನೆಯ ದಿನ ಗುರುವಾರ. ಕೊನೆಯ ಓಟಗಳು ನಡೆಯುತ್ತಿದ್ದವು. ಶೇನ್ ಮೇಬ್ರಿ ಎಂಬ ಹದಿನಾರರ ಹುಡುಗ, ನಮ್ಮ ತಂಡದಲ್ಲೇ ದಢೂತಿ, ಎಲ್ಲರಿಗಿಂತ ಹಿಂದೆ ಬಿದ್ದು ಓಲಾಡುತ್ತಿದ್ದ. ಗೆರೆ ಮುಟ್ಟಿ ತಿರುಗುವ ಬದಲು ಬೇರೆಯೇ ದಿಕ್ಕಿಗೆ ನಡೆದ.

"ಹಾರ್ಲನ್! ಆ ಹುಡುಗನ್ನ ಕೂರಿಸು!" ಬೇಲಿಯಾಚೆಯಿಂದ ಒಲೀಟಾ ಕೂಗಿದಳು.

"ಮೇಬ್ರಿ, ಇನ್ನೂ ಎರಡು ಓಟ!" ಹಾರ್ಲನ್ ಕೂಗಿದ.

ಶೇನ್ ಹಾರ್ಲನ್‌ನನ್ನು ನೋಡಿ "ಅಮ್ಮಾ, ಬಾಗಿಲು ತೆಗಿ" ಅಂದ. ಮಂಡಿಯೂರಿ ಮುಖ ಅಡಿಯಾಗಿ ಬಿದ್ದ.

ನಾನು ಅವನ ಬಳಿ ತಲುಪುವಷ್ಟರಲ್ಲಿ ಒಲೀಟಾ ಅಲ್ಲಿದ್ದಳು. ಪಶುವೈದ್ಯನ ಕಾಲದ ದೊಡ್ಡ ಕತ್ತರಿಯಿಂದ ಅಂಗಿ, ಪ್ಯಾಡಿನ ಪಟ್ಟಿ ಎಲ್ಲ ಕತ್ತರಿಸಿದಳು. ಎಲ್ಲರೆದುರಿಗೇ ಅವನನ್ನು ಮಗ್ಗುಲಿಗೆ ಹೊರಳಿಸಿ, ಚಡ್ಡಿ ಸರಿಸಿ ಹಿಂದಿನಿಂದ ಥರ್ಮಾಮೀಟರ್ ಇಟ್ಟಳು. ಯಾರೋ ಒಬ್ಬ ಕಿಸಕ್ಕೆಂದ. ಅವಳು ತಲೆ ಎತ್ತಿ ನೋಡಿದಳು, ಅಷ್ಟೇ. ಅವನ ನಗು ಅಲ್ಲೇ ಸತ್ತಿತು.

"ನೂರ ಎಂಟು." ನನ್ನ ಕಡೆ ತಿರುಗಿದಳು. "ಗೇಲನ್, ಕಂಕುಳಿಗೆ ಕೈ ಹಾಕು. ನೀವು ನಾಲ್ಕು ಜನ ಕಾಲು ಹಿಡೀರಿ. ಓಡಿ!"

ಓಡಿದೆವು. ಗೇಟು ದಾಟಿ ಅವನನ್ನು ಕತ್ತಿನವರೆಗೆ ತೊಟ್ಟಿಯಲ್ಲಿ ಇಳಿಸಿದೆವು. ಅವನ ತಲೆ ನೀರಿಗೆ ಜಾರದಂತೆ ನಾನು ಹಿಂದೆ ಮಂಡಿಯೂರಿ ಕಂಕುಳಲ್ಲಿ ಹಿಡಿದೆ. ಮೊಣಕೈವರೆಗೆ ನನ್ನ ಕೈ ಮರಗಟ್ಟಿತು. ಒಲೀಟಾ ಬಕೆಟ್ಟಿನಿಂದ ನೀರು ಕಲಕುತ್ತ, ಮೈದಾನದಲ್ಲಿ ಉಳಿದವರಿಗೆಲ್ಲ ಕೂಗಿ ಹೇಳಿದಳು: "ಎಲ್ರೂ ಹೆಲ್ಮೆಟ್ ಬಿಚ್ಚಿ ನೆರಳಿಗೆ ಹೋಗಿ. ಅಭ್ಯಾಸ ಮುಗೀತು." ಹುಡುಗರು ಹಾರ್ಲನ್ ಕಡೆ ನೋಡಲೂ ಇಲ್ಲ, ಹೋದರು.

ಯಾರೋ ಫೋನ್ ಮಾಡಿದ್ದರು, ಐದಾರು ನಿಮಿಷಕ್ಕೆ ಊರಿನ ಅಗ್ನಿಶಾಮಕ ಠಾಣೆಯಿಂದ ಆಂಬುಲೆನ್ಸ್ ಬಂತು. ಅದರ ಬೆನ್ನಿಗೇ, ರಸ್ತೆಯಾಚೆ ಟೈರ್ ಅಂಗಡಿ ಇಟ್ಟಿದ್ದ ಶೇನ್‌ನ ಅಪ್ಪ ವರ್ನನ್ ಗ್ರೀಸ್ ಕೈಯಲ್ಲೇ ಓಡಿ ಬಂದ. ಆಂಬುಲೆನ್ಸಿನವನು ಸ್ಟ್ರೆಚರ್ ಬಿಚ್ಚಿದ.

"ಎತ್ತಿ ಮ್ಯಾಡಂ, ಆಸ್ಪತ್ರೆಗೆ ಹೊರಡ್ಬೇಕು."

"ನೂರ ಎರಡಕ್ಕೆ ಇಳಿಯೋವರೆಗೂ ಇವನು ಇಲ್ಲಿಂದ ಏಳಲ್ಲ."

"ಆಸ್ಪತ್ರೆ ಇಪ್ಪತ್ತೆರಡು ಮೈಲಿ ಇದೆ!"

"ಅದಕ್ಕೇ. ಇಪ್ಪತ್ತೆರಡು ಮೈಲಿ ಇವನ ಮಿದುಳು ಬೇಯ್ತಾ ಹೋಗುತ್ತೆ. ನಿನ್ನ ಗಾಡೀಲಿ ಇಂಥ ತೊಟ್ಟಿ ಇದೆಯಾ? ಇಲ್ಲ ತಾನೆ? ಹಾಗಾದ್ರೆ ಸುಮ್ನೆ ನಿಂತ್ಕೊಂಡು ಅವನ ನಾಡಿ ಎಣಿಸು."

ವರ್ನನ್ ಅವಳ ಭುಜ ಹಿಡಿದು ಎಳೆದ. "ನನ್ನ ಮಗನ್ನ ಬಿಡೇ! ಸಾಯಿಸ್ತಾ ಇದೀಯ!"

"ಈ ಕೈ ಮುರಿ, ವರ್ನನ್. ಬೇಕಾದ್ರೆ ಮುರಿ. ಇನ್ನೊಂದು ಇದೆ." ಅವಳು ಕಲಕುವುದನ್ನು ನಿಲ್ಲಿಸಲಿಲ್ಲ.

"ಗೇಲನ್!" ಹಾರ್ಲನ್ ನನ್ನತ್ತ ತಿರುಗಿದ. "ಅವಳನ್ನ ಆಚೆ ಎಳಿ. ಹುಡುಗನ್ನ ಎತ್ತಿ ಕೊಡು."

ನನಗೆ ಆಗ ಇಪ್ಪತ್ತಾರು ವರ್ಷ. ಆ ಕೆಲಸ ಕೊಡಿಸಿದವನೇ ಹಾರ್ಲನ್. ಒಲೀಟಾ ಹೇಳುವುದು ಸರಿಯೇ ಎಂಬುದು ನನಗೆ ಗೊತ್ತಿರಲಿಲ್ಲ. ಆದರೆ ಅಲ್ಲಿದ್ದವರಲ್ಲಿ ಜ್ವರ ಎಷ್ಟಿದೆ ಎಂದು ನೋಡಿದವಳು ಅವಳೊಬ್ಬಳೇ.

"ನನ್ನ ಕೈ ಖಾಲಿ ಇಲ್ಲ, ಕೋಚ್" ಅಂದೆ.

ಹದಿನೇಳು ನಿಮಿಷ ಹಾಗೇ ಇದ್ದೆವು. ವರ್ನನ್ ಅಳುತ್ತ ಬೈಯುತ್ತಿದ್ದ, ಬೈಯುತ್ತ ಅಳುತ್ತಿದ್ದ. ಕೊನೆಗೆ ಶೇನ್ ಒದ್ದಾಡತೊಡಗಿದ. ಹಲ್ಲು ಕಟಕಟಿಸುತ್ತ, ಚರ್ಚಿಗೆ ಹೋಗುವ ಹುಡುಗ ಬಾಯಲ್ಲಿ ಆಡಬಾರದ ಮಾತಿನಿಂದ ಒಲೀಟಾಳನ್ನು ಬೈದ.

"ಬೈಯಿ ಮರಿ, ಇನ್ನೂ ಬೈಯಿ! ನಾನು ಯಾರು ಹೇಳು?"

"ಮಿ-ಮಿಸ್ ಒಲೀಟಾ. ಚಳಿ. ಬಿಡ್ರೀ ನನ್ನ."

ಮತ್ತೆ ಥರ್ಮಾಮೀಟರ್ ಇಟ್ಟು ನೋಡಿ "ನೂರ ಎರಡು" ಅಂದಳು ಅವಳು. ಆಂಬುಲೆನ್ಸಿನವನಿಗೆ "ಈಗ ನಿಂದು" ಅಂದಳು. ಗಾಡಿ ಹೋದ ಮೇಲೆ ತೊಟ್ಟಿಯ ಅಂಚಿಗೆ ಒರಗಿ ನೆಲದ ಮೇಲೆ ಕೂತಳು. ತಂಬಾಕು ಬಿಟ್ಟು ಆರು ವರ್ಷವಾಗಿತ್ತು. ನನ್ನ ಹತ್ತಿರ ಸಿಗರೇಟು ಕೇಳಿ ಸೇದಿದಳು.

ಶೇನ್ ಮೂರನೆಯ ದಿನ ಮನೆಗೆ ಬಂದ. ಕಿಡ್ನಿ, ಮಿದುಳು ಎಲ್ಲ ಸರಿಯಿವೆ, ನೀರಿಗೆ ಹಾಕಿದ್ದಕ್ಕೇ ಉಳಿದ ಎಂದು ಅಲ್ಲಿನ ವೈದ್ಯ ಹೇಳಿದ. ವರ್ನನ್ ನಂಬಲಿಲ್ಲ. ಆಸ್ಪತ್ರೆಗೆ ತಡಮಾಡಿಸಿದಳೆಂದೇ ಅವನ ವಾದ. ಅದರ ಮೇಲೆ ಒಲೀಟಾ, ಏಳು ವಾರ ಶೇನ್ ಆಡುವಂತಿಲ್ಲ ಎಂದು ಬರೆದು ಕೊಟ್ಟಳು. ಕಾಲೇಜು ತಂಡದವರು ಬಂದು ಆಟ ನೋಡಿ, ವಿದ್ಯಾರ್ಥಿವೇತನ ಕೊಟ್ಟು ಹುಡುಗರನ್ನು ಆರಿಸಿಕೊಳ್ಳುವ ವರ್ಷ ಅದು. ವರ್ನನ್‌ಗೆ ಅವಳ ಹೆಸರೆತ್ತಿದರೆ ಮೈ ಉರಿಯುತ್ತಿತ್ತು.

ಸೆಪ್ಟೆಂಬರಿನಲ್ಲಿ ಶಾಲಾ ಮಂಡಳಿ ಅವಳನ್ನು ಕರೆಸಿತು. ಶಾಲೆಯ ಊಟದ ಕೋಣೆಯಲ್ಲಿ ಸಭೆ. ಊರಿಗೂರೇ ಸೇರಿತ್ತು. ಕೋಚ್ ಆಜ್ಞೆ ಮೀರಿದ್ದು, ಅನುಮತಿಯಿಲ್ಲದೆ ಅಭ್ಯಾಸ ನಿಲ್ಲಿಸಿದ್ದು, ಎಲ್ಲಕ್ಕೂ ಕ್ಷಮೆ ಕೇಳುವ ಒಂದು ಪತ್ರವನ್ನು ಮೊದಲೇ ಟೈಪ್ ಮಾಡಿಸಿಟ್ಟಿದ್ದರು. ಸಹಿ ಹಾಕಿದರೆ ಕೆಲಸ ಉಳಿಯುತ್ತದೆ ಎಂದರು.

ಒಲೀಟಾ ಕನ್ನಡಕ ಏರಿಸಿ ಪೂರ್ತಿ ಓದಿದಳು. "ನನ್ನಿಂದ ತಪ್ಪಾಯ್ತು ಅಂತ ಬರ್ಕೊಡ್ಬೇಕು, ಅಷ್ಟೇ ತಾನೆ?"

"ಅಷ್ಟೇ" ಅಂದ ಅಧ್ಯಕ್ಷ, ಹಗುರಾದವನಂತೆ.

ಅವಳು ಟೈಪ್ ಮಾಡಿದ್ದರ ಮೇಲೆಲ್ಲ ಅಡ್ಡಗೆರೆ ಎಳೆದು, ಕೆಳಗೆ ಏನೋ ಬರೆದು, ಸಹಿ ಹಾಕಿ ದೂಡಿದಳು. ಅಧ್ಯಕ್ಷ ಅದನ್ನು ಓದದೆ ಮಡಿಸಲು ಹೋದ. "ಜೋರಾಗಿ ಓದ್ರಿ" ಎಂದು ಹಿಂದಿನಿಂದ ಯಾವುದೋ ಹೆಣ್ಣುದನಿ ಕೂಗಿತು. ಅವನು ಓದಲೇಬೇಕಾಯಿತು: "ಮೊದಲನೇ ದಿನವೇ ತೊಟ್ಟಿಯನ್ನು ಮೈದಾನದಿಂದ ಆಚೆ ತೆಗೆದುಕೊಂಡು ಹೋಗಲು ಒಪ್ಪಿದ್ದು ನನ್ನ ತಪ್ಪು. ಇನ್ನು ಮುಂದೆ ಹೀಗಾಗುವುದಿಲ್ಲ."

ವರ್ನನ್ ಕುರ್ಚಿ ಒದ್ದು ಎದ್ದುಹೋದ. ಮಂಡಳಿ ಅರ್ಧ ಗಂಟೆ ಬಾಗಿಲು ಹಾಕಿಕೊಂಡಿತು. ಎರಡಕ್ಕೆ ಮೂರು ಮತದಿಂದ ಅವಳ ಕೆಲಸ ಉಳಿಯಿತು, ಎಚ್ಚರಿಕೆಯೊಂದಿಗೆ. ಆ ಎಚ್ಚರಿಕೆಯ ಕಾಗದವನ್ನು ಅವಳು ತನ್ನ ಕೋಣೆಯ ಗೋಡೆಗೆ ಅಂಟಿಸಿಕೊಂಡಳು.

ಮುಂದಿನ ಆಗಸ್ಟಿನಲ್ಲಿ ಅವಳು ಗಾಡಿಯನ್ನು ನೇರ ಗೇಟಿನೊಳಕ್ಕೇ ತಂದಳು. ಹಾರ್ಲನ್ ಸೀಟಿಯನ್ನು ಬಾಯಿಂದ ತೆಗೆದ. "ನಲ್ಲಿ ಹತ್ರ ಇಡು, ತುಂಬಿಸೋಕೆ ಸುಲಭ" ಅಂದ. ಅದಕ್ಕಿಂತ ಹೆಚ್ಚು ಅವನೆಂದೂ ಹೇಳಲಿಲ್ಲ. ಆದರೆ ಆ ವರ್ಷ ಮೊದಲ ಐದು ದಿನ ಪ್ಯಾಡ್‌ಗಳು ಗೂಟದ ಮೇಲೇ ಇದ್ದವು, ನೀರಿನ ಡ್ರಮ್ಮಿಗೆ ಕಾವಲಿರಲಿಲ್ಲ. ವರ್ನನ್ ಮಾತ್ರ ಬಗ್ಗಲಿಲ್ಲ, ಅವಳೂ ಬಗ್ಗಲಿಲ್ಲ. ಗಾಡಿಯ ಟೈರ್ ಬದಲಿಸಲು ಅವಳು ಕೊನೆಯವರೆಗೂ ಬೇರೆ ಊರಿಗೆ ಹೋಗುತ್ತಿದ್ದಳು.

ಎಂಟು ವರ್ಷದ ನಂತರ ನಾನು ಮುಖ್ಯ ಕೋಚ್ ಆದೆ. ಅವಳ ಪಕ್ಕ ನಿಂತವನು, ಹಾಗಾಗಿ ನನ್ನ ಮಾತಿಗೆ ಅವಳಲ್ಲಿ ಸ್ವಲ್ಪ ಬೆಲೆ ಎಂದುಕೊಂಡಿದ್ದೆ. ಅಕ್ಟೋಬರಿನ ಒಂದು ಶುಕ್ರವಾರ, ಬದ್ಧವೈರಿ ತಂಡದೊಂದಿಗೆ ಪಂದ್ಯ, ಕೊನೆಯ ಹತ್ತು ನಿಮಿಷ, ನಾವು ನಾಲ್ಕು ಅಂಕ ಮುಂದೆ. ನಮ್ಮಲ್ಲಿ ಚೆಂಡು ಎಸೆಯುವ ಹುಡುಗ ಕೋಡಿ ಬ್ಲೆವಿನ್ಸ್‌ನ ತಲೆ ನೆಲಕ್ಕೆ ಬಡಿಯಿತು. ಎದ್ದು ಬಂದ, ನಕ್ಕ, "ಎಷ್ಟು ಅಂಕ?" ಎಂದು ಕೇಳಿದ. ಹೇಳಿದೆ. ಮತ್ತೆ ಕೇಳಿದ. ಮೂರನೆಯ ಸಲ ಕೇಳುವಷ್ಟರಲ್ಲಿ ಒಲೀಟಾ ಅವನ ಹೆಲ್ಮೆಟ್ ಕಿತ್ತುಕೊಂಡು ಬೆಂಚಿನ ಮೇಲಿಟ್ಟು ಅದರ ಮೇಲೆ ಕೈಯೂರಿ ನಿಂತಿದ್ದಳು. ಹೆಲ್ಮೆಟ್ ಇಲ್ಲದೆ ಅವನು ಮತ್ತೆ ಮೈದಾನಕ್ಕೆ ಇಳಿಯುವಂತಿರಲಿಲ್ಲ.

"ಮಿಸ್ ಒಲೀಟಾ, ದಯವಿಟ್ಟು. ಹತ್ತೇ ನಿಮಿಷ."

"ಇಲ್ಲ."

"ಆವತ್ತು ನಾನು ನಿಮ್ಮ ಪಕ್ಕ ನಿಂತಿದ್ದೆ!"

"ಹೂಂ. ಇವತ್ತೂ ನಿಲ್ಲು."

ಬಾಯಿಗೆ ಬಂದದ್ದೆಲ್ಲ ಅಂದೆ. ಹಾರ್ಲನ್ ಅಂದದ್ದಕ್ಕಿಂತ ಕೆಟ್ಟದಾಗಿ ಅಂದೆ ಎಂದು ಒಪ್ಪಿಕೊಳ್ಳಲು ಈಗಲೂ ನಾಚಿಕೆ. ಅವಳು ಕೈ ತೆಗೆಯಲಿಲ್ಲ. ಮೂರು ಅಂಕದಿಂದ ಸೋತೆವು.

ಭಾನುವಾರ ಚರ್ಚಿಗೆ ಅವಳು ಎಂದಿನಂತೆ ಬಂದು ಮುಂದಿನ ಬೆಂಚಿನಲ್ಲೇ ಕೂತಳು. ಹಿಂದಿನ ಸಾಲಿನ ಮುದುಕನೊಬ್ಬ ಬಗ್ಗಿ, "ನಿನ್ನಿಂದ ಸೋತ್ವಿ, ಒಲೀಟಾ" ಅಂದ.

"ಹೌದು, ನನ್ನಿಂದಾನೇ" ಅಂದಳು, ಹಿಂತಿರುಗದೆ, ಎಲ್ಲರಿಗೂ ಕೇಳುವ ಹಾಗೆ. "ಅಲ್ನೋಡು, ಕೋಡಿ. ಹಾಡೋರ ಸಾಲಲ್ಲಿ ಎಡಗಡೆಯಿಂದ ಮೂರನೇವನು. ಕಿವಿ ಕಿತ್ತೋಗೋ ಹಾಗೆ ಅಪಸ್ವರ ಹಾಡ್ತಾ ಇದಾನೆ. ಕೇಳಿಸ್ಕೋ."