ಮೆಟ್ಟಿಲ ಬಳಿ ಹೇಳಿದ ಮಾತು

ಸಿಂಗಟಗೆರೆಯ ತೆಂಗಿನ ತೋಟದಲ್ಲಿ ಚಿಕ್ಕಮ್ಮನಿಗೂ ಪಾಲು ಬರಬೇಕಿತ್ತು. ಹಕ್ಕು ಬಿಟ್ಟುಕೊಟ್ಟೆನೆಂದು ಸಹಿ ಹಾಕುವಂತೆ ಅವಳ ಅಣ್ಣ, ನನ್ನ ಸೋದರಮಾವ, ಒತ್ತಾಯಿಸುತ್ತಿದ್ದ. ವಕೀಲರನ್ನಿಡುವ ಶಕ್ತಿ ಅವಳಿಗಿರಲಿಲ್ಲ. ಎಂ.ಎ. ಓದಿದವನೆಂದು ನನ್ನನ್ನು ಕಡೂರಿನ ಕೋರ್ಟಿಗೆ ಕರೆದುಕೊಂಡು ಹೋದಳು. ಉಚಿತ ಕಾನೂನು ನೆರವಿನ ಕಚೇರಿಯ ಮೆಟ್ಟಿಲ ಬಳಿ ಅವಳ ರೇಷನ್ ಕಾರ್ಡು ನೋಡಿದೆ.

“ಇದು ಎಪಿಎಲ್ ಚಿಕ್ಕಮ್ಮ. ಬಡವರ ಕಾರ್ಡ್ ಇದ್ದೋರಿಗಷ್ಟೇ ಇಲ್ಲಿ ವಕೀಲರನ್ನ ಕೊಡೋದು,” ಎಂದೆ.

“ಓದ್ದೋನು ನೀನು, ನಿಂಗೆ ಗೊತ್ತಿರಲ್ವಾ? ನಡಿ, ಬಸ್ ಹೊಂಟೋಗುತ್ತೆ.”

ನಾವು ಒಳಗೆ ಹೋಗಿ ಯಾರನ್ನೂ ಕೇಳಲಿಲ್ಲ. ಆ ವರ್ಷ ಗೌರಿ ಹಬ್ಬಕ್ಕೆ ಮಾವ ಸೀರೆ, ಬಳೆ ತಂದುಕೊಟ್ಟ. ತವರಿನ ಬಾಗಿಲು ಮುಚ್ಚೀತೆಂದು ಹೆದರಿ ಚಿಕ್ಕಮ್ಮ ಮರುವಾರವೇ ಸಹಿ ಹಾಕಿದಳು.

ಹೋದ ವರ್ಷ ಬೇರೆ ಕೆಲಸಕ್ಕೆ ತರೀಕೆರೆಯ ಕೋರ್ಟಿಗೆ ಹೋದಾಗ ಗೋಡೆಯ ಫಲಕ ಓದಿದೆ: ಉಚಿತ ನೆರವಿಗೆ ಹೆಂಗಸರಿಗೆ ಆದಾಯದ ಮಿತಿಯೇ ಇಲ್ಲ. ಅಂದು ಆ ಮಾತು ಆಡಿದ್ದು ನಾನೋ, ಅಲ್ಲಿ ನಿಂತಿದ್ದ ಬೇರೆ ಯಾರೋ ಎಂಬ ಅನುಮಾನ ಹುಟ್ಟಿತು. ಆ ಅನುಮಾನ ನನಗೆ ಅನುಕೂಲವಾಗಿಯೂ ಇತ್ತು. ಕೊನೆಗೆ ಚಿಕ್ಕಮ್ಮನನ್ನೇ ಕೇಳಿದೆ.

“ಯಾರೇಳಿದ್ರೇನಪ್ಪಾ ಈಗ,” ಎಂದಳು. “ಈ ಸಲ ಗೌರಿಗೆ ಅವನು ಬರ್ಲೇ ಇಲ್ಲ ಕಣೋ.”