ಶಾಲೆಯ ಇತಿಹಾಸಕ್ಕೆ ಸೇರದ ಹಾಳೆ

ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಅರೆಯಲು ಶುರು ಮಾಡಿದರೆ ಮಂಡ್ಯದ ನಮ್ಮ ಸರ್ಕಾರಿ ಹೈಸ್ಕೂಲಿನ ಕೋಣೆಗಳಿಗೂ ಬೆಲ್ಲ ಸೀದಂಥ ವಾಸನೆ ನುಗ್ಗುತ್ತಿದ್ದ ದಿನಗಳವು. ನಾನು ಗುತ್ತಲಿನಿಂದ ನಡೆದು ಬರುತ್ತಿದ್ದೆ. ಪಕ್ಕದಲ್ಲಿ ಕೂರುತ್ತಿದ್ದ ಭಾಗ್ಯ ಕೊತ್ತತ್ತಿಯಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಮಧ್ಯಾಹ್ನ ಅವಳ ಡಬ್ಬಿಯ ಮುದ್ದೆ, ಉಪ್ಸಾರು ನನಗೆ. ನನ್ನ ಚಿತ್ರಾನ್ನ ಅವಳಿಗೆ. ಕೈ ತೊಳೆದು ಜಗಲಿಯ ಕಲ್ಲಿನ ಮೇಲೆ ಚೌಕಾಬಾರ.

ನಾವು ಹತ್ತನೇ ತರಗತಿಯಲ್ಲಿದ್ದ ವರ್ಷ ಶಾಲೆಗೆ ಐವತ್ತು ತುಂಬಿತು. ಶಾಲೆಯ ಇತಿಹಾಸ ಬರೆಯುವ ಕೆಲಸ ಸಮಾಜ ಪಾಠದ ಜಯಮ್ಮ ಮೇಡಂ ಪಾಲಿಗೆ ಬಂತು. ಅಕ್ಷರ ದುಂಡಗಿದೆ ಎಂದು ನಮ್ಮಿಬ್ಬರನ್ನು ಕರೆದು, ಗೆದ್ದಲು ಹಿಡಿದ ದಾಖಲಾತಿ ಪುಸ್ತಕಗಳಿಂದ ಹೆಸರು ನಕಲು ಮಾಡಲು ಕೂರಿಸಿದರು. ಹುಡುಗಿಯರ ಹೆಸರಿನ ಮುಂದೆ ಶಾಲೆ ಬಿಟ್ಟ ಕಾರಣ ಮದುವೆ ಎಂದು ಪುಟಗಟ್ಟಲೆ ಇತ್ತು.

"ಇವ್ರೆಲ್ಲ ಈಗ ಎಲ್ಲವ್ರೆ ಮೇಡಂ?" ಎಂದು ಭಾಗ್ಯ ಕೇಳಿದಳು.

ಮೇಡಂ ಪುಸ್ತಕವನ್ನು ತಮ್ಮ ಕಡೆ ತಿರುಗಿಸಿಕೊಂಡು ನೋಡಿ, ಅವರಿಗೂ ಇತಿಹಾಸದಲ್ಲಿ ಒಂದು ಹಾಳೆ ಇರಲಿ ಎಂದರು. ಆ ಹಾಳೆಯನ್ನು ಭಾಗ್ಯಳೇ ಬರೆದಳು.

ಸಂಕ್ರಾಂತಿ ಕಳೆದ ಮೇಲೆ ಅವಳು ಬರಲಿಲ್ಲ. ಹತ್ತು ದಿನ ಕಾದು ಮೇಡಂ ನನ್ನನ್ನು ಕರೆದುಕೊಂಡು ಕೊತ್ತತ್ತಿಗೆ ಹೋದರು. ಮಳವಳ್ಳಿ ಕಡೆಯ ಸಂಬಂಧ, ಮುಂದಿನ ವಾರವೇ ಮದುವೆ ಎಂದು ಅವಳಪ್ಪ ಮುಚ್ಚುಮರೆಯಿಲ್ಲದೆ ಹೇಳಿದರು. ಹುಡುಗಿಗೆ ಇನ್ನೂ ಹದಿನೈದು, ದೂರು ಕೊಡಬೇಕಾಗುತ್ತದೆ ಎಂದು ಮೇಡಂ ಅಂದಾಗ ಬಾಗಿಲ ಸಂದಿಯಲ್ಲಿದ್ದ ಭಾಗ್ಯ ಹೊರಗೆ ಬಂದಳು.

"ಬ್ಯಾಡ ಮೇಡಂ. ಪೊಲೀಸ್ರು ಬಂದ್ರೆ ನಾಲೆಗೆ ಬೀಳ್ತೀನಿ ಅಂತಾವ್ಳೆ ನಮ್ಮವ್ವ."

ನಮ್ಮನ್ನು ಬಸ್ಸು ಹತ್ತಿಸಲು ಬಂದವಳು ನನ್ನ ಕೈ ಹಿಡಿದು, "ನನ್ನೆಸ್ರು ಒಡದಾಕ್ಬುಟ್ರೇನೆ?" ಎಂದಳು.

"ಇಲ್ಲ ಕಣೆ" ಎಂದೆ. ಅಂದು ಬೆಳಿಗ್ಗೆಯೇ ಹಾಜರಿಯಲ್ಲಿ ಅವಳ ಹೆಸರಿನ ಮೇಲೆ ಕೆಂಪು ಗೆರೆ ಎಳೆದಿದ್ದರು.

ಮೇಡಂ ದೂರು ಕೊಡಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಕೂತು ಮಂಡ್ಯ ಬರುವವರೆಗೂ ಅತ್ತರು.

ಸಮಾರಂಭದ ಹಿಂದಿನ ದಿನ ಹೆಡ್‌ಮಾಸ್ಟರು ಭಾಗ್ಯ ಬರೆದ ಹಾಳೆಯನ್ನು ತೆಗೆಸಿದರು. ಗಣ್ಯರ ಮುಂದೆ ಶಾಲೆಯ ಮಾನ ಹೋಗುತ್ತದಂತೆ. ಹಾಗಾದರೆ ಸಮಾರಂಭದಲ್ಲಿ ಇತಿಹಾಸ ಓದುವುದಿಲ್ಲ ಎಂದು ಮೇಡಂ ಹಿಂದೆ ಸರಿದರು. ವೇದಿಕೆ ಹತ್ತಿ ಓದಿದವಳು ನಾನು. ಡಾಕ್ಟರಾದವರು, ಇಂಜಿನಿಯರಾದವರು, ತಹಶೀಲ್ದಾರರಾದವರು. ತೆಗೆಸಿದ ಹಾಳೆಯನ್ನು ನಾನು ಎತ್ತಿಟ್ಟುಕೊಂಡಿದ್ದೆ, ಲಂಗದ ಜೇಬಿನಲ್ಲೇ ಇತ್ತು. ಓದಬಹುದಿತ್ತು. ಹೆಡ್‌ಮಾಸ್ಟರ ಭಯವಿತ್ತು ನಿಜ. ಬೀಳುತ್ತಿದ್ದ ಚಪ್ಪಾಳೆ ಹಿತವಾಗಿತ್ತು ಎನ್ನುವುದೂ ಅಷ್ಟೇ ನಿಜ. ಆ ಹಾಳೆ ಆಮೇಲೆ ಮನೆ ಬದಲಿಸುವಾಗ ಎಲ್ಲೋ ಕಳೆದುಹೋಯಿತು. ಭಾಗ್ಯಳ ಸುದ್ದಿಯೂ ನನಗೆ ಮತ್ತೆ ಸಿಗಲಿಲ್ಲ.

ಈಗ ಮಕ್ಕಳಿಲ್ಲವೆಂದು ನಮ್ಮ ಶಾಲೆಯನ್ನು ಇನ್ನೊಂದಕ್ಕೆ ಸೇರಿಸಿ ಕೋಣೆಗಳಿಗೆ ಬೀಗ ಹಾಕಿದ್ದಾರೆ. ಹಳೆಯ ವಿದ್ಯಾರ್ಥಿಗಳು ವಾಟ್ಸಾಪಿನಲ್ಲಿ ಗುಂಪು ಮಾಡಿಕೊಂಡಿದ್ದೇವೆ. ಭಾಗ್ಯ ಎಲ್ಲಿದ್ದಾಳೆಂದು ಯಾರಿಗಾದರೂ ಗೊತ್ತೇ ಎಂದು ಕೇಳಿದೆ. ಯಾವ ಭಾಗ್ಯ, ಫೋಟೊ ಇದ್ದರೆ ಹಾಕು ಎಂದರು. ತರಗತಿಯ ಫೋಟೊ ತೆಗೆಸಿದ್ದೇ ಅವಳು ಹೋದ ಮೇಲೆ. ಹೇಗಿದ್ದಳೆಂದಾದರೂ ಬರೆಯೋಣವೆಂದು ಕೂತೆ. ಅವಳ ದನಿ ನೆನಪಿದೆ, ಅಂಗೈಯ ಒರಟು ನೆನಪಿದೆ. ಮುಖ ಮಾತ್ರ, ಎಷ್ಟು ಹೊತ್ತು ಕೂತರೂ, ಬರಲಿಲ್ಲ.